ನೋವಿಲ್ಲದ ಕಾಲು

ಗಮ್ಜಾಕಿ,
೧೧ ಮೇ ೧೯೯೩

ಪ್ರಿಯ ಸಗೀರ್,

ಸಲಾಂ. ನೀನು, ನಿನ್ನ ಮನೆಯವರು, ಕಡೂನಾದ ಪೋಲೋ ಲಾಯದಲ್ಲಿ ನಿನಗಿಂತ ಚೆನ್ನಾಗಿ ಉಂಡುಕೊಂಡಿರುವ ಆ ಮೂವತ್ತು ಕುದುರೆಗಳು, ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಹಬ್ಬದ ಕಾರ್ಡು ಹಬ್ಬಕ್ಕೆ ಮೊದಲೇ ಬಂತು. ನನ್ನ ಉತ್ತರ ಹಬ್ಬ ಕಳೆದು ಏಳು ವಾರದ ಮೇಲೆ ಹೊರಡುತ್ತಿದೆ. ಯಾಕೆ ತಡ ಎಂದರೆ ಹೇಳಲು ಬೇಕಾದಷ್ಟು ಕುಂಟುನೆಪಗಳಿವೆ. ಕುಂಟನ್ನು ಕಂಡುಹಿಡಿಯುವುದೇ ನಮ್ಮಿಬ್ಬರ ಕಸುಬಾದ್ದರಿಂದ ಅವು ನಿನ್ನ ಮುಂದೆ ಓಡುವುದಿಲ್ಲ. ಅಂಚೆ ಕಚೇರಿಯಲ್ಲಿ ಸ್ಟಾಂಪಿರಲಿಲ್ಲ (ನಿಜ). ಜೀಪಿಗೆ ಪೆಟ್ರೋಲಿರಲಿಲ್ಲ (ನಿಜ). ನನಗೆ ಮಲೇರಿಯಾ ಬಂದಿತ್ತು (ಅರ್ಧ ನಿಜ). ಮೂರು ಸಲ ಕಾಗದ ಮುಂದಿಟ್ಟುಕೊಂಡು ಕುಳಿತೆ, ಮೂರು ಸಲವೂ ಹೇಸಿಗೆಯಾಗಿ ಎದ್ದುಹೋದೆ. ಇದು ಪೂರ್ತಿ ನಿಜ.

ಮನೆಯ ಕಡೆ ಎಲ್ಲ ಸರಿಯಾಗಿದೆ. ನನ್ನಾಕೆ ಯಗಾನಾ "ಸಗೀರಣ್ಣನಿಗೆ ಕೇಳ್ದೆ ಅಂತ ಬರೀರಿ, ಅವರ ಹೆಂಡ್ತಿಗೆ ಎರಡು ಸಲ ಕೇಳ್ದೆ ಅಂತ ಬರೀರಿ" ಎಂದಿದ್ದಾಳೆ. ಅತ್ತೆಯವರು ಮೈದುಗುರಿಯಿಂದ ಹದಿನೈದು ದಿನಕ್ಕೆಂದು ಬಂದವರು ಮೂರು ತಿಂಗಳಿನಿಂದ ಇದ್ದಾರೆ. ನನ್ನ ಬೆಳಗಿನ ಕೋಸೈ ವಡೆಯಲ್ಲಿ ಮೆಣಸಿನಕಾಯಿ ಕಡಿಮೆಯಾಯಿತೆಂದು ಹೇಳುವ ಧೈರ್ಯ ನನಗಿನ್ನೂ ಬಂದಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಒಬ್ಬನಿಗೆ ನಿನ್ನ ಲಾಯದಲ್ಲಿ ಕೆಲಸ ಕೊಡಬೇಕು. ಹೆಸರು ಗಿದಾದೊ, ಫುಲಾನಿ, ವಯಸ್ಸು ಐವತ್ತರ ಆಸುಪಾಸು. ಇಪ್ಪತ್ತೆರಡು ವರ್ಷ ಒಂದೇ ಲಾಯದಲ್ಲಿ ಕುದುರೆ ನೋಡಿಕೊಂಡಿದ್ದವನು. ಅವನನ್ನು ಹೊರಗೆ ಹಾಕಿದ್ದಾರೆ. ಈ ಸೀಮೆಯಲ್ಲಿ ಯಾರೂ ಅವನ ಕೈಗೆ ಲಗಾಮು ಕೊಡಬಾರದೆಂದು ಅರಮನೆಯಿಂದಲೇ ಮಾತು ಹೊರಟಿದೆ. ನೀನು ಕೊಡದಿದ್ದರೆ ಅವನಿಗೆ ಇನ್ನು ಕುದುರೆಯಿಲ್ಲ. ಕುದುರೆಯಿಲ್ಲದ ಗಿದಾದೊ ಹೇಗಿರುತ್ತಾನೆಂದು ನಾನು ನೋಡಿಬಂದಿದ್ದೇನೆ. ಇನ್ನೊಂದು ಸಲ ನೋಡಲಾರೆ.

ಕಥೆ ಹೇಳುತ್ತೇನೆ ಕೇಳು. ನಮ್ಮೂರಿನಲ್ಲಿ ಬರಾಡೆ ಎಂಬ ಅರಮನೆಯ ಬಿರುದು ಹೊತ್ತವನೊಬ್ಬ ಇದ್ದಾನೆ. ಅವನ ಅಜ್ಜ ಅಶ್ವದಳ ಕಟ್ಟಿಕೊಂಡು ಯುದ್ಧಕ್ಕೆ ಹೋಗುತ್ತಿದ್ದ ಬರಾಡೆ, ಇವನು ಸಿಮೆಂಟು ಮಾರುವ ಬರಾಡೆ. ಮುಖವೂ ಸರಕಿನಂತೆಯೇ, ಒಮ್ಮೆ ಗಟ್ಟಿಯಾದರೆ ಮತ್ತೆ ಕಲಸಲು ಬಾರದು. ವರ್ಷಕ್ಕೆರಡು ಸಲ, ಹಬ್ಬದ ಸವಾರಿಯಲ್ಲಿ ಮಾತ್ರ, ಅವನಿಗೆ ಅಜ್ಜನ ನೆನಪು ಉಕ್ಕಿ ಬರುತ್ತದೆ. ಅಜ್ಜ ಕರಿಯ ಗಂಡುಕುದುರೆಯ ಮೇಲೆ ಕೂರುತ್ತಿದ್ದನಂತೆ. ಆದ್ದರಿಂದ ಇವನದೂ ಕರಿಯದೇ. ಹೆಸರು ಅಕವಲಿ.

ಹಬ್ಬಕ್ಕೆ ನಾಲ್ಕು ದಿನವಿದೆ ಎನ್ನುವಾಗ ಅವನ ಲಾಯದಿಂದ ಕರೆ ಬಂತು. ಉಪವಾಸದ ಕೊನೆಯ ವಾರ, ಮಧ್ಯಾಹ್ನದ ಬಿಸಿಲು, ನಾಲಗೆ ಅಂಗುಳಕ್ಕೆ ಅಂಟಿತ್ತು. ಲಾಯದ ಬಾಗಿಲಲ್ಲಿ ಗಿದಾದೊ ನಿಂತಿದ್ದ.

"ಏನೋ ಗುಲಾಮ, ಇಷ್ಟು ಹೊತ್ತಾ ಬರೋದು? ನಿನ್ನ ದಣಿ ಬಿಸಿಲಲ್ಲಿ ಒಣಗ್ತಾ ಇದಾನೆ ಇಲ್ಲಿ."

"ದಣಿಗೆ ದನದ ಹಿಂದೆ ಒಣಗಿದ ಅಭ್ಯಾಸ ಇದ್ಯಲ್ಲ. ಇವತ್ತೇನು ಹೊಸದು?"

"ನೋಡ್ರಪ್ಪಾ, ಬರೇಬರಿಗಳಿಗೂ ನಾಲಗೆ ಬಂತು. ನಮ್ಮಪ್ಪ ನಿಮ್ಮಜ್ಜನ್ನ ಎರಡು ಮುಷ್ಟಿ ಉಪ್ಪಿಗೆ ಕೊಂಡಿದ್ದು."

"ಹೌದು. ಆ ಉಪ್ಪಿನ ಋಣಕ್ಕೇ ನಿಮ್ಮಪ್ಪನಿಗೆ ನಾವು ಲೆಕ್ಕ ಮಾಡೋದು ಕಲಿಸಿದ್ದು. ಎರಡರ ತನಕ."

ಫುಲಾನಿಗಳಿಗೂ ನಮ್ಮ ಬರೇಬರಿ ಜನಕ್ಕೂ ನಡುವೆ ಇರುವ ಈ ಸಲಿಗೆ ನಿನಗೆ ಹೊಸದಲ್ಲ. ನಿಮ್ಮ ಕಾನೋದವರು ಜಾರಿಯಾ ಊರಿನವರನ್ನು ಕಾಡುವುದಿಲ್ಲವೆ, ಹಾಗೆ. ಕಂಡ ಕೂಡಲೇ ಒಬ್ಬರನ್ನೊಬ್ಬರು ಗುಲಾಮ ಎನ್ನಬೇಕು, ಕೋಪ ಮಾತ್ರ ಮಾಡಿಕೊಳ್ಳಬಾರದು. ಹದಿನೆಂಟು ವರ್ಷದಿಂದ ಈ ಊರಿನಲ್ಲಿ ನನ್ನ ಕಾಲೆಳೆಯುವ ಹಕ್ಕು ಪೂರ್ತಿಯಾಗಿ ಅವನದು, ಅವನದನ್ನು ಎಳೆಯುವುದು ನನ್ನದು.

ಅಷ್ಟರಲ್ಲಿ ಬರಾಡೆ ಬಂದ. ಹಿಂದೆ ಹೊಗಳುಭಟ ತಲ್ಲೆ. ಬರಾಡೆ ಕಕ್ಕಸಿಗೆ ಹೋದರೂ ಹಿಂದೆ ಹೋಗಿ ಬಾಗಿಲ ಹೊರಗೆ ವಂಶಾವಳಿ ಹಾಡುವ ಆಸಾಮಿ ಅವನು. ಗಿದಾದೊ ಕುದುರೆಯನ್ನು ಗಟ್ಟಿ ನೆಲದ ಮೇಲೆ ಹೆಜ್ಜೆಗೂಡಿಸಿ ಓಡಿಸಿದ. ಎಡ ಮುಂಗಾಲು ಊರಿದಾಗಲೆಲ್ಲ ತಲೆ ಮೇಲಕ್ಕೆ ಎಗರುತ್ತಿತ್ತು. "ಮೊನ್ನೆಯಿಂದ ಆ ಕಾಲಲ್ಲಿ ನಿಲ್ಲೋಕೆ ಸಂಕೋಚ ಪಡ್ತಿದೆ. ಹೊಸ ಸೊಸೆ ಹಾಗೆ," ಎಂದ ಗಿದಾದೊ.

"ಡಾಕ್ಟ್ರೇ, ಹಬ್ಬಕ್ಕೆ ನಾಲ್ಕೇ ದಿನ. ರೋಗದ ಹೆಸರೆಲ್ಲ ಬೇಡ, ಔಷಧಿ ಹಾಕಿ," ಎಂದ ಬರಾಡೆ.

ನೋವು ಎಲ್ಲಿದೆ ಎಂದು ತಿಳಿಯದೆ ಔಷಧಿ ಎಲ್ಲಿಗೆ ಹಾಕಲಿ ಎಂದೆ. ನಾವು ಮೊದಲ ವರ್ಷದವರಿಗೆ ಹೇಳುತ್ತಿದ್ದಂತೆ ವಿವರಿಸಿದೆ: ಕಾಲೆಂದರೆ ಒಂದು ಮಹಡಿ ಮನೆ ಎಂದುಕೊಳ್ಳಿ. ಒಳಗೆಲ್ಲೋ ಒಬ್ಬ ಕಿರುಚುತ್ತಿದ್ದಾನೆ, ಯಾವ ಕೋಣೆಯಲ್ಲೆಂದು ಗೊತ್ತಿಲ್ಲ. ಕೆಳಗಿನ ಕೋಣೆಯಿಂದ ಶುರುಮಾಡಿ ಒಂದೊಂದಾಗಿ ಬಾಗಿಲು ಮುಚ್ಚುತ್ತ ಬರುತ್ತೇವೆ. ಯಾವ ಬಾಗಿಲು ಮುಚ್ಚಿದಾಗ ಕಿರುಚಾಟ ನಿಲ್ಲುತ್ತದೋ ಅಲ್ಲಿ ಅವನಿದ್ದಾನೆ. ಬಾಗಿಲು ಮುಚ್ಚುವುದು ಸೂಜಿ. ನರದ ಪಕ್ಕದಲ್ಲಿ ಒಂದಿಷ್ಟು ಮರಗಟ್ಟಿಸುವ ಮದ್ದು.

ಹಿಮ್ಮಡಿಯ ಮೇಲೆ, ಒಳಗೂ ಹೊರಗೂ, ಮೊದಲ ಎರಡು ಚುಚ್ಚು. ಹತ್ತು ನಿಮಿಷ ಕಾದು, ಪೆನ್ನಿನ ತುದಿಯಿಂದ ಹಿಮ್ಮಡಿ ಒತ್ತಿದೆ. ಕುದುರೆಗೆ ಗೊತ್ತಾಗಲಿಲ್ಲ. ಓಡಿಸಿದರೆ ಕುಂಟು ಹಾಗೇ ಇತ್ತು. ಎಂದರೆ ಗೊರಸಿನ ಹಿಂಭಾಗದಲ್ಲಲ್ಲ. ಆಮೇಲೆ ಗೆಣ್ಣಿನ ಹತ್ತಿರ, ಇನ್ನೊಂದು ಮಹಡಿ ಮೇಲೆ, ಮತ್ತೆರಡು ಚುಚ್ಚು. ಮತ್ತೆ ಹತ್ತು ನಿಮಿಷ.

ಅಕವಲಿ ಓಡಿತು ಸಗೀರ್! ತಲೆ ಅಲುಗಲಿಲ್ಲ. ಕತ್ತು ಬಿಲ್ಲಿನಂತೆ ಬಾಗಿಸಿಕೊಂಡು, ನಾಲ್ಕು ಕಾಲೂ ಒಂದೇ ತಾಳದಲ್ಲಿ, ಅಂಗಳದ ಸುತ್ತ ಮೂರು ಸುತ್ತು. ನಾನು ಲೆಕ್ಕ ಹಾಕತೊಡಗಿದೆ. ನೋವು ಗೆಣ್ಣಿಗಿಂತ ಕೆಳಗೆ, ಗೊರಸಿನ ಹಿಂಬದಿಗಿಂತ ಮೇಲೆ. ಮೊನ್ನೆಯಷ್ಟೇ, ಇದ್ದಕ್ಕಿದ್ದಂತೆ ಶುರುವಾದದ್ದು. ಕಿರುಮೂಳೆಯಲ್ಲಿ ಬಿರುಕಿರಬಹುದು. ಬಿರುಕಿನ ಗುಮಾನಿ ಇದ್ದರೆ ಕಾಲನ್ನು ಮರಗಟ್ಟಿಸಲೇಬಾರದೆಂದು ನಮ್ಮ ಮೇಷ್ಟ್ರು ಮೇಜು ಕುಟ್ಟಿ ಹೇಳುತ್ತಿದ್ದರಲ್ಲ. ನೋವಿಲ್ಲದ ಕುದುರೆ ಒಡಕು ಮೂಳೆಯ ಮೇಲೆ ಪೂರ್ತಿ ಭಾರ ಹಾಕುತ್ತದೆ. ನನಗೆ ಆ ಗುಮಾನಿ ಬಂದದ್ದು ಎರಡನೆಯ ಬಾಗಿಲು ಮುಚ್ಚಿದ ಮೇಲೆ. "ಹಿಡಿ, ಹಿಡಿ, ನಿಲ್ಲಿಸು!" ಎಂದು ಕೂಗಿಕೊಂಡೆ.

ಆದರೆ ಅಷ್ಟರಲ್ಲಿ ತಲ್ಲೆ ಶುರುಮಾಡಿದ್ದ. ಒಂದೇ ಸೂಜಿಯ ವೈದ್ಯ, ಸತ್ತ ಕಾಲಿಗೆ ಜೀವ ಕೊಟ್ಟ ಬರೇಬರಿ, ಬರಾಡೆಯ ಭಾಗ್ಯದ ಬಾಗಿಲು! ಎಂದು ರಾಗ ಎಳೆದ. ಬರಾಡೆ ಎರಡೂ ಕೈಯಿಂದ ನನ್ನ ಕೈ ಹಿಡಿದುಕೊಂಡ.

"ವಾಸಿ ಆಯ್ತಲ್ಲ ಡಾಕ್ಟ್ರೇ!"

"ವಾಸಿ ಆಗಿಲ್ಲ ಯಜಮಾನ್ರೇ. ನೋವು ಗೊತ್ತಾಗ್ತಿಲ್ಲ, ಅಷ್ಟೆ."

"ನೋವೇ ಇಲ್ಲ ಅಂದ್ಮೇಲೆ ಕುದುರೆಗೆ ಇನ್ನೇನ್ರೀ ಬೇಕು?"

ಎರಡು ಗಂಟೆಯಲ್ಲಿ ಅಕವಲಿ ಮತ್ತೆ ಕುಂಟಿತು. ಆದರೆ ಆಗ ನೋಡಲು ಇದ್ದವರು ಗಿದಾದೊ ಮತ್ತು ನಾನು. ಹಾಡಿಗೆ ಊರೆಲ್ಲ ಕಿವಿಯಾಗಿತ್ತು, ಕುಂಟಿಗೆ ಕಣ್ಣಿರಲಿಲ್ಲ. ಮರುದಿನ ಬೆಳಿಗ್ಗೆ ನನ್ನ ಬಾಗಿಲಲ್ಲಿ ಒಂದು ಕತ್ತೆ, ಎರಡು ಟಗರು, ಮಂಡಿ ಹಿಡಿದುಕೊಂಡ ಒಬ್ಬ ದರ್ಜಿ. "ಕುದುರೆಗೆ ಹಾಕಿದ್ದೇ ಹಾಕಿ, ಹಬ್ಬಕ್ಕೆ ಹೊಲಿಯೋ ಬಟ್ಟೆ ಗುಡ್ಡದಷ್ಟಿದೆ," ಎನ್ನುತ್ತಾನೆ. ನಗು ಬಂತು. ಆಗ ಇನ್ನೂ ನಗು ಬರುತ್ತಿತ್ತು.

ಹಬ್ಬದ ಹಿಂದಿನ ದಿನ ಬರಾಡೆಯ ಬೈಠಕ್ಕಿಗೆ ಹೋದೆ. ಕುದುರೆಯನ್ನು ಲಾರಿಯಲ್ಲಿ ಕಡೂನಾಕ್ಕೆ ಕಳಿಸಿ, ಅಲ್ಲಿ ನನ್ನ ಗೆಳೆಯನ ಹತ್ತಿರ ಎಕ್ಸ್‌ರೇ ಯಂತ್ರವಿದೆ, ಆರು ತಿಂಗಳು ವಿಶ್ರಾಂತಿ ಬೇಕಾದೀತು ಎಂದೆ. ಅವನು ಕೋಲಾ ಕಾಯಿಯ ಬಟ್ಟಲನ್ನು ನನ್ನ ಕಡೆ ಸರಿಸಿ, ಉಪವಾಸವೆಂದು ನೆನಪಾಗಿ, ಹಿಂದಕ್ಕೆಳೆದುಕೊಂಡ.

"ನೋಡಿ, ನಾಡಿದ್ದು ಬೆಳಿಗ್ಗೆ ಬಂದು ಆ ಸೂಜಿ ಇನ್ನೊಂದ್ಸಲ ಹಾಕಿ ಹೋಗಿ. ಎರಡು ಗಂಟೆ ಸಾಕು ನನಗೆ."

"ಮೂಳೆ ಬಿರುಕು ಬಿಟ್ಟಿರಬಹುದು. ಓಡಿಸಿದ್ರೆ ಮುರಿಯುತ್ತೆ."

"ಇರಬಹುದು ಅಂತೀರಿ. ಇದೆ ಅನ್ನಿ ನೋಡೋಣ."

"ನೋಡದೆ ಹೇಗನ್ನಲಿ? ಬಿಳಿ ಕುದುರೆ ಇದ್ಯಲ್ಲ, ಈ ಸಲ ಅದನ್ನ ಹತ್ತಿ."

"ನಮ್ಮಜ್ಜ ದೊರೆ ಮುಂದೆ ಬಿಳಿ ಕುದುರೆ ಮೇಲೆ ಹೋಗಿದ್ದು ಯಾರಾದ್ರೂ ಹಾಡ್ತಾರಾ? ಏಯ್ ತಲ್ಲೆ, ಹಾಡ್ತೀಯೇನೋ?"

"ಇಲ್ಲ ದಣಿ," ಎಂದ ತಲ್ಲೆ. ಅಲ್ಲಿಗೆ ವೈದ್ಯಶಾಸ್ತ್ರ ಮುಗಿಯಿತು. ನಾನು ಆಗುವುದಿಲ್ಲ ಎಂದು ಎದ್ದುಬಂದೆ. ಬರುವಾಗ ನನ್ನ ಬಗ್ಗೆ ನನಗೇ ಮೆಚ್ಚುಗೆಯಿತ್ತು. ಅದನ್ನು ನೆನೆದರೆ ಈಗ ಬಾಯಿ ಕಹಿಯಾಗುತ್ತದೆ.

ಹಬ್ಬದ ಎರಡನೆಯ ದಿನ ಅರಮನೆಯ ಮುಂದಿನ ಬಯಲಿನಲ್ಲಿ ನಿಂತಿದ್ದೆ. ಒಂದೊಂದು ಮನೆತನದ ಸವಾರರೂ ಸರದಿಯಂತೆ ಬಂದರು. ದೊರೆಯ ಎದುರಿಗೆ ನಾಗಾಲೋಟದಲ್ಲಿ ನುಗ್ಗಿ, ಇನ್ನೇನು ಮೈಮೇಲೇ ಬಂತು ಎನ್ನುವಾಗ ಕುದುರೆಯನ್ನು ಗಕ್ಕನೆ ಎಳೆದು ನಿಲ್ಲಿಸಿ, ಮುಷ್ಟಿ ಎತ್ತಿ ವಂದಿಸುವ ಆ ಜಾಹಿ. ಬರಾಡೆಯ ಗುಂಪು ಬಯಲಿನ ಆ ತುದಿಯಲ್ಲಿ ಕಾಣಿಸಿತು. ನಡುವೆ ಅಕವಲಿ, ಮೈತುಂಬ ಕೆಂಪು ಹಸಿರು ಕುಚ್ಚು, ಕುಣಿಯುತ್ತ ಬರುತ್ತಿದೆ. ತಲೆ ಅಲುಗುತ್ತಿಲ್ಲ. ಕುದುರೆ ಕುಂಟದೆ ಇರುವುದನ್ನು ಕಂಡು ಬೆವರಿದ ಡಾಕ್ಟರು ಭೂಮಿಯ ಮೇಲೆ ನಾನೊಬ್ಬನೇ ಇರಬೇಕು. ಕೂಗಿದೆ. ನಗಾರಿ, ಕಹಳೆ, ನಾಡಬಂದೂಕು. ನನ್ನ ಕೂಗು ನನಗೇ ಕೇಳಿಸಲಿಲ್ಲ.

ಅದು ಮುರಿದದ್ದು ಓಡುವಾಗಲ್ಲ, ನಿಲ್ಲಿಸುವಾಗ. ಒಣ ಬಿದಿರು ಸೀಳಿದಂತೆ ಶಬ್ದ. ಕುದುರೆ ಮುಗ್ಗರಿಸಿತು, ಬರಾಡೆ ದೊರೆಯ ಪಾದದ ಹತ್ತಿರಕ್ಕೇ ಹೋಗಿ ಬಿದ್ದ. ಹತ್ತು ಮೊಳದ ರುಮಾಲು ಅವನ ತಲೆಯನ್ನು ಕಾಪಾಡಿತು. ಒಳಗೆ ಕಾಪಾಡುವಂಥದ್ದು ಏನಿತ್ತೋ ಆ ರುಮಾಲಿಗೇ ಗೊತ್ತು.

ಮುಂದಿನದನ್ನು ಬರೆಯಲಾರದೆಯೇ ಮೂರು ಸಲ ಎದ್ದುಹೋದದ್ದು. ಅಕವಲಿ ಎದ್ದು ನಿಂತಿತು. ಗೊರಸು ಒಂದು ಕಡೆ ತಿರುಗಿ ಚರ್ಮದಲ್ಲಿ ನೇತಾಡುತ್ತಿತ್ತು. ಅದು ಆ ಕಾಲನ್ನು ನೆಲಕ್ಕೆ ಊರಿತು, ಮುರಿದ ಮೂಳೆಯ ಮೊನೆಯ ಮೇಲೆಯೇ ಊರಿತು, ಮತ್ತೆ ಎತ್ತಿ ಮತ್ತೆ ಊರಿತು. ಅದಕ್ಕೇನೂ ಗೊತ್ತಾಗುತ್ತಿರಲಿಲ್ಲ. ನಾನೇಕೆ ವಾಲುತ್ತಿದ್ದೇನೆ ಎಂದು ಅಚ್ಚರಿಪಡುವಂತೆ ಕಿವಿ ನಿಮಿರಿಸಿ, ಮುಂದಕ್ಕೆ ಹೆಜ್ಜೆ ಹಾಕಲು ನೋಡುತ್ತಿತ್ತು. ನನ್ನ ಪಕ್ಕದಲ್ಲಿ ಒಬ್ಬ ಹೇಳಿದ, "ನೋಡಿದ್ಯಾ, ಬರಾಡೆ ಕುದುರೆ! ಕಾಲು ಮುರಿದ್ರೂ ನೋವಿಲ್ಲ." ಕೆಲವರು ಚಪ್ಪಾಳೆ ತಟ್ಟಿದರು. ಸಗೀರ್, ಹದಿನೆಂಟು ವರ್ಷ ಕೈಯನ್ನು ಯಾವ ಯಾವ ಪ್ರಾಣಿಯ ಯಾವ ಯಾವ ತೂತಿಗೆ ಹಾಕಿದ್ದೇನೆ, ನಿನಗೆ ಗೊತ್ತು. ಎಂದೂ ವಾಂತಿ ಮಾಡಿಕೊಂಡವನಲ್ಲ. ಆ ಚಪ್ಪಾಳೆಗೆ ಅರಮನೆಯ ಗೋಡೆ ಹಿಡಿದುಕೊಂಡು ವಾಂತಿ ಮಾಡಿದೆ.

ಗೋಡೆಯ ಹಿಂದಕ್ಕೆ ಒಯ್ದು ಮುಗಿಸಿದೆವು. ಮರಗಟ್ಟಿದ್ದು ಇಳಿಯುವ ಮೊದಲೇ ಮುಗಿಯಲಿ ಎಂಬ ಆತುರ ಒಂದೇ ನನಗೆ. ತಲೆ ಹಿಡಿದುಕೊಂಡದ್ದು ಗಿದಾದೊ. "ಸೂಜಿ ಹಾಕು ಅಂತ ಬರಾಡೆ ಹೇಳಿದ್ರು. ಇಪ್ಪತ್ತೆರಡು ವರ್ಷ ಹೇಳಿದ್ದು ಮಾಡಿದೀನಿ, ಇದನ್ನೂ ಮಾಡ್ದೆ," ಎಂದ, ನನ್ನನ್ನು ನೋಡದೆ. ಕುದುರೆ ಇನ್ನೂ ಬೆಚ್ಚಗಿರುವಾಗಲೇ ತಲ್ಲೆ ಓಡಿಬಂದ. ದಣಿ ಹೇಳಿಕಳಿಸಿದ್ದಾರೆ, ಬಾಲ ಕತ್ತರಿಸಿ ಇಡಬೇಕಂತೆ, ಚಾಮರ ಮಾಡಿಸುತ್ತಾರಂತೆ. ಕುದುರೆಯ ನರ ಎರಡು ಗಂಟೆಯಲ್ಲಿ ಎಚ್ಚರಗೊಳ್ಳುತ್ತದೆ. ಈ ನರನ ಬಗ್ಗೆ ನನಗೆ ಆ ಭರವಸೆಯಿಲ್ಲ.

ವಾರ ಬಿಟ್ಟು ಅರಮನೆಯ ಚಾವಡಿಯಲ್ಲಿ ವಿಚಾರಣೆ. ದೊರೆಗೆ ಅಪಶಕುನವಾಯಿತಲ್ಲ, ಯಾರಾದರೂ ತಪ್ಪಿತಸ್ಥರು ಬೇಕು. ವಜೀರರು ನಡೆಸಿದರು. ಅವರ ಮಗಳು ಬರಾಡೆಯ ಮನೆಯಲ್ಲಿದ್ದಾಳೆ ಎಂಬುದನ್ನು ಪಕ್ಕದಲ್ಲಿಟ್ಟುಕೊಂಡು ಓದು.

"ನಾನು ಹೇಳೇ ಇಲ್ಲ. ಈ ಫುಲಾನಿ ಸ್ವಂತ ಬುದ್ಧಿ ಓಡಿಸಿದಾನೆ," ಎಂದ ಬರಾಡೆ. ಕಣ್ಣು ಕೂಡ ಮಿಟುಕಿಸಲಿಲ್ಲ.

ಬರಾಡೆ ನನ್ನನ್ನೇ ಸೂಜಿ ಹಾಕಲು ಕರೆದಿದ್ದ ಎಂದು ನಾನು ಹೇಳಿದೆ. "ಕೇಳೋದು ಬೇರೆ ಡಾಕ್ಟರೇ, ಮಾಡಿಸೋದು ಬೇರೆ," ಎಂದರು ವಜೀರರು. ಮತ್ತೆ ನನ್ನನ್ನು ಎರಡು ಪ್ರಶ್ನೆ ಕೇಳಿದರು. ಆ ದಿನ ಸೂಜಿ ಹಾಕಿದ್ದು ನೀವೇ? ಅಲ್ಲ ಎಂದೆ. ಎರಡನೆಯದು ಬಿಡು. ಸಂಜೆಯ ನಮಾಜಿನೊಳಗೆ ತೀರ್ಪಾಗಿ, ಗಿದಾದೊ ಲಾಯದ ಹಿಂದಿನ ಗುಡಿಸಲು ಖಾಲಿ ಮಾಡಿದ. ಈಗ ಫುಂಟುವಾದ ಹತ್ತಿರ ಬಾವಮೈದುನನ ದನದ ಹಟ್ಟಿಯಲ್ಲಿದ್ದಾನೆ. ಹೋಗಿ ನೋಡಿದೆ. ಹಗ್ಗ ಹೊಸೆಯುತ್ತ ಕುಳಿತಿದ್ದ. ಯಾವ ಪ್ರಾಣಿಗೆ ಎಂದು ಕೇಳಿದೆ. "ಯಾವುದಕ್ಕೂ ಅಲ್ಲ," ಎಂದ.

ಮೊನ್ನೆ ಬರಾಡೆಯ ಮನೆಯಿಂದ ನನಗೊಂದು ಕಸೂತಿಯ ನಿಲುವಂಗಿ ಬಂತು. ವಾಪಸು ಕಳಿಸಿದೆ ಎಂದು ನಿನಗೆ ಬರೆಯಬೇಕೆಂದಿದ್ದೆ. ಕಳಿಸಿಲ್ಲ. ಪೆಟ್ಟಿಗೆಯಲ್ಲಿದೆ. ಅತ್ತೆಯವರು ಎರಡು ಸಲ ತೆಗೆದು ಕೈಯಾಡಿಸಿ "ಒಳ್ಳೇ ನೂಲು," ಎಂದರು.

ಆದ್ದರಿಂದ ಗಿದಾದೊನನ್ನು ಕರೆಸಿಕೋ. ಕುದುರೆ ಕುಂಟುವ ಎರಡು ದಿನ ಮೊದಲೇ ಅವನಿಗೆ ತಿಳಿದಿರುತ್ತದೆ. ನಿನ್ನ ಎಕ್ಸ್‌ರೇ ಯಂತ್ರಕ್ಕೆ ಅರ್ಧ ರಜೆ ಸಿಗುತ್ತದೆ. ಜಾರಿಯಾ ಊರಿನವನೊಬ್ಬ ಶಿಫಾರಸು ಮಾಡಿದ ಎಂದು ಬೇಕಾದರೆ ಅವನಿಗೆ ಹೇಳು, ನನ್ನ ಹೆಸರು ಬೇಡ. ನಿನ್ನ ಮಕ್ಕಳಿಗೆ ವಿದ್ಯೆ ಹತ್ತಲಿ, ನಿನ್ನ ಕುದುರೆಗಳಿಗೆ ಹೊಟ್ಟೆನೋವು ಬಾರದಿರಲಿ, ನಿನ್ನ ಹೆಂಡತಿ ನಿನ್ನನ್ನು ಇನ್ನಷ್ಟು ವರ್ಷ ಸಹಿಸಲಿ. ದೇವರು ನಿನ್ನ ಮನೆಯ ಮೇಲೆ ಕಣ್ಣಿಟ್ಟಿರಲಿ.

ನಿನ್ನ,
ಗ್ರೆಮಾ

ತಾ.ಕ.: ಕಾಗದವನ್ನು ಲಕೋಟೆಗೆ ಹಾಕಿ ಅಂಟಿಸಿಯಾಗಿತ್ತು. ಹರಿದು ತೆಗೆದೆ. ನೀನು ದಡ್ಡನಲ್ಲ, ಕೇಳಿಯೇ ಕೇಳುತ್ತೀಯ: ಗೆಣ್ಣಿನ ಹತ್ತಿರ, ಒಳಗೂ ಹೊರಗೂ, ಗುರಿ ತಪ್ಪದೆ ಹಾಕುವುದು ಒಬ್ಬ ಲಾಯದಾಳಿಗೆ ಹೇಗೆ ಬಂತು? ನಮಗಿಬ್ಬರಿಗೂ ಆರು ತಿಂಗಳು ಹಿಡಿಯಿತಲ್ಲ.

ಆ ಮಧ್ಯಾಹ್ನ ಕುದುರೆ ಮತ್ತೆ ಕುಂಟುವುದನ್ನು ಕಾಯುತ್ತ ನಾವಿಬ್ಬರೇ ಕುಳಿತಿದ್ದಾಗ ನಾನು ಕಲಿಸಿದೆ. ತಲ್ಲೆಯ ಹಾಡು ನನ್ನ ತಲೆಗೂ ಏರಿತ್ತು. "ಕೊಡೋ ನಿನ್ನ ಬೆರಳು. ದನ ಹಿಂಡೋ ಬೆರಳಿಗೂ ವಿದ್ಯೆ ಬರುತ್ತಾ ನೋಡೋಣ," ಎಂದು ಅವನ ಬೆರಳು ಹಿಡಿದು ನರದ ಮೇಲೆ ಇಟ್ಟೆ. "ಇಲ್ಲಿ ಬಡೀತಾ ಇದ್ಯಲ್ಲ, ಅದು ರಕ್ತ. ಅದರ ಹಿಂದೆ ದಾರದ ಹಾಗೆ ಜಾರುತ್ತಲ್ಲ, ಅದು." ಒಂದೇ ಸಲಕ್ಕೆ ಹಿಡಿದುಬಿಟ್ಟ. ಎರಡು ದಿನ ಬಿಟ್ಟು ಮತ್ತೆ ಬರುವವನು ಎಂದು ಅರ್ಧ ಸೀಸೆಯನ್ನೂ ಸೂಜಿಯನ್ನೂ ಲಾಯದ ಗೂಡಿನಲ್ಲಿಯೇ ಬಿಟ್ಟುಬಂದೆ.

ವಜೀರರು ಕೇಳಿದ ಎರಡನೆಯ ಪ್ರಶ್ನೆ ಇದು: "ಇವನಿಗೆ ಯಾರು ಕಲಿಸಿದ್ರು, ನೀವೇನಾ?" ನಾನು ಬಾಯಿ ತೆರೆದೆ. ಆ ಗಳಿಗೆಯಲ್ಲಿ ನನಗೆ ಕಂಡದ್ದು ನನ್ನ ಕೆಲಸ, ನನ್ನ ಪರವಾನಗಿ. ಗಿದಾದೊ ಒಮ್ಮೆ ನನ್ನ ಮುಖ ನೋಡಿ ತಾನೇ ಮುಂದೆ ಬಂದ. "ಈ ಗುಲಾಮ ನನಗೆ ಕಲಿಸ್ತಾನಾ ವಜೀರ್ರೇ? ಬರೇಬರಿಗಳಿಗೆ ತಮ್ಮ ಕಾಲೇ ಎಲ್ಲಿದೆ ಅಂತ ಗೊತ್ತಿರಲ್ಲ, ಕುದುರೆದು ಹೇಗೆ ಗೊತ್ತಿರುತ್ತೆ? ನಾನೇ ಕದ್ದು ನೋಡಿದ್ದು, ಸೀಸೆನೂ ನಾನೇ ಕದ್ದಿದ್ದು."

"ಹೌದೇನ್ರೀ ಡಾಕ್ಟರೇ?" ಎಂದರು ವಜೀರರು. "ಹೌದು," ಎಂದೆ.

ಚಾವಡಿಯೆಲ್ಲ ಬಿದ್ದು ಬಿದ್ದು ನಕ್ಕಿತು. ಬರಾಡೆ ನಕ್ಕ. ನಾನೂ ನಕ್ಕೆ ಸಗೀರ್, ಎಲ್ಲರಿಗಿಂತ ಹೆಚ್ಚು ಹೊತ್ತು. ಗಿದಾದೊ ನಗಲಿಲ್ಲ. ನಾನು ನಕ್ಕು ಮುಗಿಸುವವರೆಗೂ ನನ್ನನ್ನೇ ನೋಡುತ್ತ ನಿಂತಿದ್ದ.